ಜೀನ್ಸಿನ ಮೇಲೆ ಚಿತ್ತಾರ: ಅಮೆರಿಕದ ಹುಚ್ಚಿಗೂ ನಮ್ಮ ಕೌದಿಗೂ ಏನು ನಂಟು?

ನಮ್ಮ ರಾಯದುರ್ಗ, ಬಳ್ಳಾರಿ ಸೀಮೆಯವರಿಗೆ ಜೀನ್ಸ್ ಪ್ಯಾಂಟು ಮೊದಲು ಹೊಲಿಯುವ ಬಟ್ಟೆ, ಆಮೇಲೆ ತೊಡುವ ಬಟ್ಟೆ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಹೋಯಿತು. ರಾಯದುರ್ಗ, ಆದವಾನಿ, ಆಲೂರು ತಾಲ್ಲೂಕುಗಳು ಆಂಧ್ರಕ್ಕೆ ಉಳಿದವು. ನಕಾಶೆಯಲ್ಲಿ ಗೆರೆ ಬಿತ್ತು. ಆದರೆ ಸೂಜಿ-ದಾರಕ್ಕೆ ಯಾವ ಗೆರೆಯೂ ಇಲ್ಲ ನೋಡ್ರಿ. ಆ ಕಡೆ ಕಟಿಂಗ್ ಆದದ್ದು ಈ ಕಡೆ ಹೊಲಿಗೆ ಆಗ್ತದೆ, ಈ ಕಡೆ ಹೊಲಿದದ್ದು ಆ ಕಡೆ ವಾಷಿಂಗಿಗೆ ಹೋಗ್ತದೆ. ಶೇಂಗಾ ಕೈಕೊಟ್ಟ ವರ್ಷ ಎಷ್ಟೋ ಮನೆಗಳ ಒಲೆ ಉರಿದದ್ದು ಈ ಮಿಷಿನ್ ಹೊಲಿಗೆಯಿಂದಲೇ. ಅಂಥ ನಮಗೆ ಈ ಬಟ್ಟೆ ಒಂದು ಕಾಲಕ್ಕೆ ದೂರದ ದೇಶದಲ್ಲಿ ಏನೇನು ವೇಷ ಹಾಕಿತು, ಯಾರ್‍ಯಾರನ್ನು ಜೈಲಿನ ಬಾಗಿಲವರೆಗೆ ಕರೆದುಕೊಂಡು ಹೋಯಿತು ಅನ್ನೋದು ಗೊತ್ತಿರಬೇಡವೇ?

ಜೈಲು ಅಂದದ್ದು ಮಾತಿಗೆ ಅಲ್ಲ. 1970ರ ಜನವರಿ ತಿಂಗಳು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಿಯೋಮಿನ್‌ಸ್ಟರ್ ಅನ್ನೋ ಊರು. ಗೋಗೆನ್ ಎಂಬ ಒಬ್ಬ ಹುಡುಗ ಬೀದಿಯಲ್ಲಿ ಗೆಳೆಯರ ಜತೆ ನಿಂತು ಮಾತಾಡ್ತಿದ್ದ. ಅವನ ಪ್ಯಾಂಟಿನ ಹಿಂಬದಿಗೆ, ಕೂರುವ ಜಾಗದಲ್ಲಿ, ಸುಮಾರು ನಾಲ್ಕು ಅಂಗುಲಕ್ಕೆ ಆರು ಅಂಗುಲದ ಒಂದು ಪುಟ್ಟ ಅಮೆರಿಕದ ಬಾವುಟ ಹೊಲಿದಿತ್ತು. ಅವನು ಮೆರವಣಿಗೆ ಹೊರಟಿರಲಿಲ್ಲ, ಘೋಷಣೆ ಕೂಗಿರಲಿಲ್ಲ. ಪೊಲೀಸರು ಕಂಡರು, ಕೇಸು ಹಾಕಿದರು. ಬಾವುಟವನ್ನು ತುಚ್ಛವಾಗಿ ಕಂಡ ಅಪರಾಧಕ್ಕೆ ಆರು ತಿಂಗಳು ಸಜೆ ಅಂತ ತೀರ್ಪಾಯಿತು! ಮೇಲಿಂದ ಮೇಲಿನ ಕೋರ್ಟಿಗೆ ಹತ್ತಿ ಹತ್ತಿ ಕೊನೆಗೆ ಆ ದೇಶದ ಸುಪ್ರೀಂ ಕೋರ್ಟಿಗೆ ಹೋಯಿತು ಈ ಪ್ಯಾಂಟಿನ ತೇಪೆಯ ವ್ಯಾಜ್ಯ. 1974ರ ಮಾರ್ಚ್‌ನಲ್ಲಿ ಆರು ಜನ ನ್ಯಾಯಮೂರ್ತಿಗಳು ಹುಡುಗನ ಕಡೆ, ಮೂವರು ಎದುರು. ‘ತುಚ್ಛವಾಗಿ ಕಾಣುವುದು’ ಅಂದರೆ ಏನು ಅಂತ ಕಾನೂನಿನಲ್ಲಿ ಸ್ಪಷ್ಟ ಇಲ್ಲ, ಅದನ್ನು ತೀರ್ಮಾನಿಸುವುದು ಆಯಾ ಪೊಲೀಸನ ಮರ್ಜಿಗೆ ಬಿಟ್ಟಂತಾಗಿದೆ, ಆದ್ದರಿಂದ ಈ ಶಿಕ್ಷೆ ನಿಲ್ಲೋದಿಲ್ಲ ಅಂತ ಬಹುಮತ ಹೇಳಿತು.

ನಮ್ಮ ದೇಶದ ಕಾನೂನೂ ಈ ಬಾಬತ್ತಿನಲ್ಲಿ ಬಿಗಿಯೇ. 1971ರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಮಾಡಿದಾಗ, ತಿರಂಗವನ್ನು ಸೊಂಟದಿಂದ ಕೆಳಗಿನ ಉಡುಪಿನಲ್ಲಿ ಬಳಸುವ ಹಾಗಿಲ್ಲ ಅಂತ ಬರೆದರು. ಪ್ಯಾಂಟು ಹೊಲಿಯುವ ನಮ್ಮವರು ನೆನಪಿಡಬೇಕಾದ ಮಾತು, ಆರ್ಡರ್ ಎಲ್ಲಿಂದಾದರೂ ಬಂದಿರಲಿ.

ಒಂದು ತೇಪೆಗೆ ಯಾಕೆ ಅಷ್ಟು ಸಿಟ್ಟು ಬಂತು ಅಂತ ತಿಳಿಯಬೇಕಾದರೆ ಈ ಬಟ್ಟೆಯ ಹುಟ್ಟು ನೋಡಬೇಕು. ಡೆನಿಮ್ ಅಂದರೆ ಹಾಸು ನೀಲಿ, ಹೊಕ್ಕು ಬಿಳಿ. ಮಗ್ಗದ ಮನೆತನದವರಿಗೆ ಇಷ್ಟು ಹೇಳಿದರೆ ಸಾಕು. ಓರೆ ನೇಯ್ಗೆಯಾದ್ದರಿಂದ ನೀಲಿ ಎಳೆ ಮೇಲೆ ಕಾಣ್ತದೆ, ಬಿಳಿ ಎಳೆ ಒಳಗೆ ಅಡಗ್ತದೆ. ಆ ನೀಲಿಯ ಗುಣ ಏನಪ್ಪ ಅಂದ್ರೆ, ಅದು ನೂಲಿನ ಒಡಲಿಗೆ ಇಳಿಯೋದಿಲ್ಲ, ಮೈ ಮೇಲೆಯೇ ನಿಲ್ತದೆ. ಬಣ್ಣದ ತೊಟ್ಟಿಯಿಂದ ಎತ್ತಿದಾಗ ಹಸಿರು-ಹಳದಿ ಇರುವ ನೂಲು ಗಾಳಿ ತಾಕಿದ ಮೇಲೆ ನೀಲಿಯಾಗ್ತದೆ. ಹೊಸ ಪ್ಯಾಂಟುಗಳೆಲ್ಲ ಒಂದೇ ತರ. ಎರಡು ವರ್ಷ ತೊಟ್ಟರೆ ಮಂಡಿ, ತೊಡೆ, ಜೇಬಿನ ಅಂಚು ಸವೆದು ಒಳಗಿನ ಬಿಳಿ ಇಣುಕ್ತದೆ, ಆಗ ಒಬ್ಬನದು ಇನ್ನೊಬ್ಬನದರ ಹಾಗೆ ಇರೋದಿಲ್ಲ. ಬೀಡಿ ಸೇದುವವನ ಜೇಬಿನ ಮೇಲೆ ಬೆಂಕಿಪೊಟ್ಟಣದ ಅಚ್ಚು ಮೂಡಿರ್ತದೆ. ಚಿತ್ತಾರ ಬಿಡಿಸೋದಕ್ಕೆ ಮುಂಚೆಯೇ ಅದು ಚಿತ್ತಾರ ಹೊತ್ತ ಬಟ್ಟೆ.

ನೀಲಿಯ ಕಥೆ ರೈತನಿಗೆ ಹೇಳಿಕೊಡಬೇಕಾಗಿಲ್ಲ. ಬಿಹಾರದ ಚಂಪಾರಣ್ಯದಲ್ಲಿ 20 ಕಟ್ಠಾ ಜಮೀನಿಗೆ 3 ಕಟ್ಠಾದಲ್ಲಿ ನೀಲಿ ಬೆಳೆಯಲೇಬೇಕು ಅಂತ ಇದ್ದ ಕಟ್ಟುಪಾಡಿನ ವಿರುದ್ಧವೇ ಗಾಂಧೀಜಿ 1917ರಲ್ಲಿ ಹೋದದ್ದು. ನಮ್ಮ ಪಕ್ಕದ ಕಡಪಾ ಜಿಲ್ಲೆಯ ನೀಲಿಯೂ ಒಂದು ಕಾಲಕ್ಕೆ ಹಡಗು ಹತ್ತಿದ ಸರಕು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕಾರ್ಖಾನೆ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟ ಮೇಲೆ ಗಿಡದ ನೀಲಿ ಮಲಗಿತು. ಇನ್ನು ‘ಡಂಗರಿ’ ಅಂತ ಇಂಗ್ಲಿಷಿನವರು ಕರೆಯುವ ಒರಟು ಬಟ್ಟೆಯ ಹೆಸರು ಬಂದದ್ದು ಮುಂಬೈಯ ಡೋಂಗ್ರಿಯಿಂದ. ಡೆನಿಮ್ ಅನ್ನೋದು ಫ್ರಾನ್ಸಿನ ನೀಮ್ ಊರಿನ ಹೆಸರಿನಿಂದ, ಜೀನ್ಸ್ ಅನ್ನೋದು ಇಟಲಿಯ ಜಿನೋವಾದ ಹೆಸರಿನಿಂದ ಅಂತಾರೆ. ಇದರ ಮೂಲ ಹುಡುಕುತ್ತಾ ಹೋದರೆ ನಾಲ್ಕು ದೇಶ ತಿರುಗಬೇಕಾಗ್ತದೆ. ಅದು ಅಷ್ಟಕ್ಕೆ ಇರಲಿ.

ಪ್ಯಾಂಟಿನ ಕಥೆಯಂತೂ ಅಪ್ಪಟ ದರ್ಜಿಯ ಕಥೆ. ನೆವಾಡಾದ ರೀನೋ ಊರಲ್ಲಿ ಜೇಕಬ್ ಡೇವಿಸ್ ಅಂತ ಟೈಲರ್. ಗುಡಾರ, ಬಂಡಿಯ ಮೇಲ್ಹೊದಿಕೆ, ಕುದುರೆಗೆ ಹೊದಿಸುವ ಕಂಬಳಿ ಹೊಲಿಯುವವನು. ಮರ ಕಡಿಯುವವನ ಹೆಂಡತಿಯೊಬ್ಬಳು ಬಂದು, ‘ನನ್ನ ಗಂಡನಿಗೆ ಯಾವ ಪ್ಯಾಂಟೂ ತಡೆಯೋದಿಲ್ಲಪ್ಪ, ಗಟ್ಟಿಯಾದ್ದು ಹೊಲಿದು ಕೊಡು’ ಅಂದಳಂತೆ. ಕುದುರೆ ಕಂಬಳಿಯ ಪಟ್ಟಿಗೆ ಬಡಿಯುವ ತಾಮ್ರದ ರಿವೆಟ್ಟನ್ನೇ ಜೇಬಿನ ಮೂಲೆಗೆ ಬಡಿದು ಕೊಟ್ಟ. ಸುದ್ದಿ ಹಬ್ಬಿತು, ಗಿರಾಕಿ ಮುತ್ತಿದರು. ಪೇಟೆಂಟ್ ಮಾಡಿಸಲು ಬೇಕಾದ 68 ಡಾಲರ್ ಅವನ ಹತ್ತಿರ ಇರಲಿಲ್ಲ. ತನಗೆ ಬಟ್ಟೆ ಕೊಡುತ್ತಿದ್ದ ಸ್ಯಾನ್ ಫ್ರಾನ್ಸಿಸ್ಕೊ ವ್ಯಾಪಾರಿ ಲಿವೈ ಸ್ಟ್ರಾಸ್‌ಗೆ ಕಾಗದ ಬರೆದ. ಇಬ್ಬರ ಹೆಸರಲ್ಲಿ 1873ರ ಮೇ 20ಕ್ಕೆ ಪೇಟೆಂಟ್ ಬಂತು. ಲೋಕವೆಲ್ಲ ‘ಲಿವೈಸ್’ ಅಂತ ಕರೀತದೆ. ರಿವೆಟ್ ಬಡಿದ ಟೈಲರ್ ಹೆಸರು ಎಷ್ಟು ಜನಕ್ಕೆ ಗೊತ್ತು? ಬಂಡವಾಳದವನ ಹೆಸರು ಬೋರ್ಡಿನ ಮೇಲೆ, ಕೈಕೆಲಸದವನ ಹೆಸರು ಕಾಗದದ ಒಳಗೆ. ನಮ್ಮ ಕಡೆಯೂ ಹಾಗೇ ಅಲ್ಲವೇ.

ಅಲಂಕಾರ ಅನ್ನೋದು ಆ ಪ್ಯಾಂಟಿನಲ್ಲಿ ಮೊದಲಿದ್ದದ್ದು ಹಿಂದಿನ ಜೇಬಿನ ಮೇಲಿನ ಎರಡು ಬಿಲ್ಲಿನ ಗೆರೆ, ಅಷ್ಟೇ. ಎರಡನೇ ಮಹಾಯುದ್ಧ ಬಂದಾಗ ದಾರ ಉಳಿಸಬೇಕು, ಕೆಲಸಕ್ಕೆ ಬಾರದ ಹೊಲಿಗೆ ಹಾಕಬಾರದು ಅಂತ ಅಲ್ಲಿನ ಸರಕಾರ ಕಟ್ಟು ಮಾಡಿತು. ಕಂಪನಿಯವರು ಏನು ಮಾಡಿದರು ಗೊತ್ತೇ? ಆ ಬಿಲ್ಲಿನ ಗೆರೆಯನ್ನು ಬಣ್ಣದಲ್ಲಿ ಬರೆದರು! ನಾಲ್ಕು ಸಲ ತೊಳೆದರೆ ಹೋಗುವ ಗೆರೆ. ಆದರೂ ಬಿಡಲಿಲ್ಲ.

ಇದು ಕೂಲಿಯವರ, ದನ ಕಾಯುವವರ, ಗಣಿಯವರ ಬಟ್ಟೆ. ಮರ್ಯಾದಸ್ಥರ ಜಾಗಕ್ಕೆ ಸಲ್ಲದು. 1951ರಲ್ಲಿ ಹೆಸರಾಂತ ಗಾಯಕ ಬಿಂಗ್ ಕ್ರಾಸ್ಬಿ ಬೇಟೆ ಮುಗಿಸಿ ಮೈ ತುಂಬ ಡೆನಿಮ್ ತೊಟ್ಟು ಕೆನಡಾದ ವ್ಯಾಂಕೂವರಿನ ಒಂದು ಹೋಟೆಲ್ಲಿಗೆ ಹೋದರೆ ರೂಮು ಕೊಡಲು ಹಿಂದೆಮುಂದೆ ನೋಡಿದರು. ಸುದ್ದಿ ತಿಳಿದ ಲಿವೈಸ್ ಕಂಪನಿ ಅವನಿಗೆ ಡೆನಿಮ್ ಬಟ್ಟೆಯಲ್ಲೇ ಸಾಹೇಬರ ಊಟದ ಕೋಟು ಹೊಲಿಸಿ ಕೊಟ್ಟಿತು. ಎದೆಗೆ ಹೂವಿನ ಬದಲು ಕಂಪನಿಯ ಕೆಂಪು ಚೀಟಿಗಳ ಗೊಂಚಲು. ಕೋಟಿನ ಒಳಗೆ ದೊಡ್ಡದೊಂದು ಪಟ್ಟಿ ಹೊಲಿದು, ಹೋಟೆಲಿನವರೇ, ಈ ಗಿರಾಕಿಗೆ ರೂಮು ಕೊಡಿ ಅನ್ನೋ ಅರ್ಥದ ಒಕ್ಕಣೆ ಅಚ್ಚು ಹಾಕಿಸಿದ್ದರು. ತಮಾಷೆ ಹೌದು, ಆದರೆ ಆ ತಮಾಷೆಯಲ್ಲಿ ಮುಂದೆ ಬರಲಿದ್ದ ಹುಚ್ಚಿನ ಬೀಜ ಇತ್ತು.

ಇನ್ನೊಂದು ಬೀಜ ಗಂಭೀರದ್ದು. 1960ರ ದಶಕದಲ್ಲಿ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕರಿಯರ ಮತದ ಹಕ್ಕಿಗಾಗಿ ಓಡಾಡಿದ ಕಾಲೇಜು ಹುಡುಗ ಹುಡುಗಿಯರು ಸೂಟು, ಫ್ರಾಕು ಬಿಟ್ಟು ಡೆನಿಮ್ ತೊಟ್ಟರು. ಯಾಕೆ? ಅಲ್ಲಿನ ಪಾಲಿನ ರೈತರು, ಹತ್ತಿ ಬಿಡಿಸುವವರು ತೊಡುತ್ತಿದ್ದದ್ದು ಅದನ್ನೇ. 1963ರ ಏಪ್ರಿಲ್ 12ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬಂಧನಕ್ಕೆ ಒಳಗಾದಾಗ ಅವರ ಮೈಮೇಲೆ ಇದ್ದದ್ದೂ ಕೂಲಿಯವನ ಡೆನಿಮ್. ಅದಾದ ಮೇಲೆಯೇ ಓದಿದ ಮನೆಯ ಮಕ್ಕಳಿಗೆ ಈ ನೀಲಿ ಬಟ್ಟೆಯ ಮೇಲೆ ಮೋಹ ಬಲಿತದ್ದು. ಹಿಪ್ಪಿಗಳಿಂದ ಜೀನ್ಸ್ ಬಂತು ಅಂತ ನಮ್ಮಲ್ಲಿ ಹೇಳುವವರು ಈ ರೈತರ ಮಾತನ್ನು ಮರೀತಾರೆ.

ಸರಿ, ಹಿಪ್ಪಿಗಳ ಹತ್ತಿರ ಬರೋಣ. 1967ರ ಬೇಸಿಗೆ, ಸ್ಯಾನ್ ಫ್ರಾನ್ಸಿಸ್ಕೊದ ಹೇಟ್-ಆಶ್‌ಬರಿ ಪೇಟೆ. ವಿಯೆಟ್ನಾಂ ಯುದ್ಧಕ್ಕೆ ಹುಡುಗರನ್ನು ಹೆಸರು ಕೂಗಿ ಕರೆಯುತ್ತಿದ್ದ ಕಾಲ. ಯುದ್ಧ ಬೇಡ, ಅಪ್ಪನ ನೌಕರಿ ಬೇಡ, ಅಂಗಡಿಯ ಸಾಮಾನು ಬೇಡ ಅಂತ ಮನೆ ಬಿಟ್ಟು ಬಂದ ಸಾವಿರಾರು ಮಕ್ಕಳು. ನೌಕಾಪಡೆ ಮಾರಿದ ಹಳೆಯ ಬೆಲ್ ಬಾಟಮ್ ಪ್ಯಾಂಟುಗಳು ಅಗ್ಗಕ್ಕೆ ಸಿಗ್ತಿದ್ವು. ಸಿಗದವರು ತಮ್ಮ ಜೀನ್ಸಿನ ಪಕ್ಕದ ಹೊಲಿಗೆಯನ್ನು ಮಂಡಿಯವರೆಗೆ ಬಿಚ್ಚಿ, ಹಳೆಯ ಪರದೆಯದೋ ಸೋಫಾ ಬಟ್ಟೆಯದೋ ಮೂರು ಮೂಲೆ ತುಂಡು ಕೂರಿಸಿ ಕಾಲನ್ನು ಗಂಟೆಯ ಹಾಗೆ ಅಗಲ ಮಾಡಿಕೊಂಡರು. ಹುಡುಗಿಯರು ಎರಡು ಕಾಲಿನ ಒಳ ಹೊಲಿಗೆ ಬಿಚ್ಚಿ, ನಡುವೆ ಬಟ್ಟೆ ತುಂಬಿ ಲಂಗ ಮಾಡಿಕೊಂಡರು. ಮಂಡಿ ಹರಿದರೆ ಅಲ್ಲಿಗೆ ಒಂದು ಅಣಬೆ, ತೊಡೆ ಹರಿದರೆ ಚಿಟ್ಟೆ, ಹಿಂಬದಿಗೆ ಉದಯಿಸುವ ಸೂರ್ಯ. 1958ರಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಹೋಲ್ಟಮ್ ಅಣುಬಾಂಬಿನ ವಿರುದ್ಧದ ಮೆರವಣಿಗೆಗೆ ಬರೆದುಕೊಟ್ಟ ಶಾಂತಿಯ ಗುರುತು ಎಲ್ಲರ ಜೇಬಿನ ಮೇಲೆ. ಕಾಮನಬಿಲ್ಲು, ಹಾವು, ಡ್ರ್ಯಾಗನ್, ನಾಲಗೆ ಚಾಚಿದ ತುಟಿ, ಬಿಯರ್ ಬಾಟಲಿ ಮುಚ್ಚಳ, ಕೋಳಿ ಗರಿ, ಕವಡೆ, ಗೆಜ್ಜೆ. ಇನ್ನೇನು ಉಳಿಯಿತು?

ನಮ್ಮ ಹಳ್ಳಿಯವರು ಇದನ್ನು ಕಂಡಿದ್ದರೆ ‘ಎಂದರಾ ಈ ವೇಷಾಲು’ ಅಂತ ತೆಲುಗಿನಲ್ಲೇ ಬೈದಿರೋರು. ಆದರೆ ಒಂದು ಗಳಿಗೆ ನಿಂತು ನೋಡಿದರೆ ಗುರುತು ಹತ್ತಿಬಿಡ್ತದೆ. ಹಳೆಯ ಸೀರೆ, ಹರಿದ ಅಂಗಿ, ಮಗುವಿನ ಕುಲಾವಿ ಎಲ್ಲ ಸೇರಿಸಿ ಚೌಕ ಚೌಕ ಕತ್ತರಿಸಿ ಹೊಲಿದರೆ ನಾವು ಕೌದಿ ಅಂತೀವಿ, ತೆಲುಗಿನವರು ಬೊಂತ ಅಂತಾರೆ. ಸಂಡೂರು ಕಡೆಯ ಲಂಬಾಣಿ ಹೆಣ್ಣುಮಕ್ಕಳ ಕೈಯಲ್ಲಿ ಕನ್ನಡಿ ಚೂರು, ಕವಡೆ, ಗೆಜ್ಜೆ, ಬಣ್ಣದ ದಾರ ಏನಾಗ್ತದೆ ಅನ್ನೋದನ್ನು ಹೇಳೋದೇ ಬೇಡ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೇ ಸಿಕ್ಕಿದೆ. ಅಮೆರಿಕದ ಆ ಮಕ್ಕಳಿಗೆ ಸೂಜಿ ಹಿಡಿಯಲು ಯಾರೂ ಕಲಿಸಿರಲಿಲ್ಲ. ಅವರ ಅಜ್ಜಿಯರು ಕೌದಿ ಹೊಲಿದವರೇ, ತಾಯಂದಿರು ಅಂಗಡಿಯಿಂದ ತಂದವರು. ಒಂದು ತಲೆಮಾರು ಬಿಟ್ಟದ್ದನ್ನು ಇವರು ತಡಕಾಡುತ್ತಾ ಹುಡುಕಿದರು. ಆದ್ದರಿಂದಲೇ ಅವರ ಹೊಲಿಗೆಯಲ್ಲಿ ಒರಟು ಜಾಸ್ತಿ, ಉಮೇದೂ ಜಾಸ್ತಿ. ಭಾರತ, ಅಫ್ಘಾನಿಸ್ತಾನಕ್ಕೆ ಬಸ್ಸಿನಲ್ಲಿ ಬಂದು ಹೋದವರು ಇಲ್ಲಿಯ ಕನ್ನಡಿ ಕಸೂತಿಯ ತುಂಡುಗಳನ್ನು ಒಯ್ದು ತಮ್ಮ ಜಾಕೆಟ್ಟಿನ ಬೆನ್ನಿಗೆ ಹಚ್ಚಿಕೊಂಡದ್ದೂ ಉಂಟು. 1974ರಲ್ಲಿ ಅಲೆಕ್ಸಾಂಡ್ರಾ ಜಾಕೊಪೆಟ್ಟಿ ಎಂಬಾಕೆ ಇಂಥ ಉಡುಪುಗಳ ಚಿತ್ರ ಸೇರಿಸಿ ಒಂದು ಪುಸ್ತಕವನ್ನೇ ತಂದರು. ಇದು ಹುಡುಗಾಟವಲ್ಲ, ಹುಟ್ಟುತ್ತಿರುವ ಒಂದು ಜನಪದ ಕಲೆ ಅನ್ನೋದು ಅವರ ವಾದ.

ಜನ ಬೀದಿಯಲ್ಲಿ ಮಾಡಿದ್ದನ್ನು ಕಂಪನಿ ಎಷ್ಟು ದಿನ ಸುಮ್ಮನೆ ನೋಡ್ತದೆ? 1973ರಲ್ಲಿ ಲಿವೈಸ್ ಕಂಪನಿ ಒಂದು ಪಂದ್ಯ ಸಾರಿತು. ನಿಮ್ಮ ಡೆನಿಮ್ ಬಟ್ಟೆಯನ್ನು ನೀವೇ ಅಲಂಕರಿಸಿ, ಅದರ ಸ್ಲೈಡ್ ತೆಗೆದು ಕಳಿಸಿ. ಸುಮಾರು 2,000 ಜನ ಕಳಿಸಿದರು, ಸ್ಲೈಡುಗಳೇ 10,000ದ ಹತ್ತಿರ ಬಂದವು. ಬೆಟ್ಟ, ನದಿ, ಊರು ಪೂರಾ ಹೊಲಿದ ಜಾಕೆಟ್ಟುಗಳು; ಹತ್ತು ಹಳೆ ಪ್ಯಾಂಟು ಕತ್ತರಿಸಿ ಮಾಡಿದ ಉದ್ದನೆ ಕೋಟುಗಳು. ಗೆದ್ದವರಲ್ಲಿ ಲಾಸ್ ಏಂಜಲೀಸಿನ ಬಿಲ್ಲಿ ಶೈರ್ ಅವರ ಹೆಸರನ್ನು ಈಗಲೂ ಹೇಳ್ತಾರೆ. ಅವರ ಜಾಕೆಟ್ಟಿನ ಮೇಲೆ ಲೋಹದ ಮೊಳೆ, ಗುಬುಟು, ಬಣ್ಣದ ಗಾಜಿನ ಹರಳು ಎಷ್ಟು ಒತ್ತಾಗಿ ಬಡಿದಿದ್ದವು ಅಂದರೆ ಕೆಳಗಿರುವುದು ಬಟ್ಟೆಯೋ ರಥದ ಕವಚವೋ ಅನ್ನಿಸಬೇಕು. ಆರಿಸಿದ ಉಡುಪುಗಳು ಆ ದೇಶದ ವಸ್ತುಸಂಗ್ರಹಾಲಯಗಳನ್ನು ಸುತ್ತಿದವು. 1975ರಲ್ಲಿ ಪೀಟರ್ ಬೀಗಲ್ ಎಂಬ ಕಾದಂಬರಿಕಾರ ಬರಹ ಬರೆದ ‘ಅಮೆರಿಕನ್ ಡೆನಿಮ್’ ಅನ್ನೋ ದೊಡ್ಡ ಪುಸ್ತಕದಲ್ಲೂ ಈ ಬಗೆಯ ಚಿತ್ರಗಳೇ.

ನನಗೆ ಇಲ್ಲಿ ಒಂದು ವಿಚಿತ್ರ ಕಾಣ್ತದೆ. ಗೋಗೆನ್ನನ ಕೇಸು ಸುಪ್ರೀಂ ಕೋರ್ಟಿನಲ್ಲಿ ನಡೆಯುತ್ತಿದ್ದದ್ದೂ, ಕಂಪನಿ ತೇಪೆಗೆ ಬಹುಮಾನ ಹಂಚಲು ಹೊರಟದ್ದೂ ಒಂದೇ ಹೊತ್ತಿಗೆ. ಒಂದು ಕೈ ಸಜೆ ಬರೀತಿತ್ತು, ಇನ್ನೊಂದು ಕೈ ಸರ್ಟಿಫಿಕೇಟು.

ಬಹುಮಾನ ಕೊಟ್ಟ ಮೇಲೆ ಮಾರಾಟ ಬಂದೇ ಬರ್ತದಲ್ಲ. ಆಗ ಶುರುವಾಯಿತು ನಿಜವಾದ ಅತಿರೇಕ. ಅಮೆರಿಕನ್ ಮೋಟರ್ಸ್ ಕಂಪನಿ 1973ರ ಮಾದರಿಯ ‘ಗ್ರೆಮ್ಲಿನ್’ ಅನ್ನೋ ಚಿಕ್ಕ ಕಾರಿನ ಒಳಗೆಲ್ಲ ಜೀನ್ಸ್ ಹೊದಿಸಿತು: ಸೀಟಿಗೆ ಕಿತ್ತಳೆ ದಾರದ ಹೊಲಿಗೆ, ತಾಮ್ರದ ರಿವೆಟ್ಟು, ಲಿವೈಸಿನ ಕೆಂಪು ಚೀಟಿ, ಬಾಗಿಲಿಗೂ ಜೇಬು! ಅದರಲ್ಲೂ ಮಜಾ ಏನೆಂದರೆ ಅದು ಡೆನಿಮ್ಮೇ ಅಲ್ಲ. ಹತ್ತಿ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ ಅಂತ ಸುರಕ್ಷೆಯ ನಿಯಮ ಒಪ್ಪಲಿಲ್ಲ, ಅದಕ್ಕೆ ನೈಲಾನನ್ನು ಡೆನಿಮ್ ಹಾಗೆ ನೇಯ್ದು ಕೂರಿಸಿದರು. ಅತ್ತ ಜರ್ಮನಿಯ ಫೋಕ್ಸ್‌ವ್ಯಾಗನ್‌ನವರೂ ‘ಜೀನ್ಸ್ ಬೀಟಲ್’ ಅಂತ ಒಂದು ಹಳದಿ ಕಾರು ಇಳಿಸಿದರು, ಸೀಟು ನೀಲಿ ಡೆನಿಮ್. 1971ರಲ್ಲೇ ರೋಲಿಂಗ್ ಸ್ಟೋನ್ಸ್ ಹಾಡುಗಾರರ ‘ಸ್ಟಿಕಿ ಫಿಂಗರ್ಸ್’ ಗ್ರಾಮಫೋನ್ ತಟ್ಟೆಯ ಹೊದಿಕೆ ಬಂದಿತ್ತು. ಚಿತ್ರಕಾರ ಆಂಡಿ ವಾರ್ಹಾಲ್ ಯೋಚನೆ. ಜೀನ್ಸಿನ ಸೊಂಟದ ಫೋಟೊ, ಅದಕ್ಕೆ ನಿಜವಾದ ಜಿಪ್ಪು. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಲಾರಿಗೆ ಹಾಕಿದಾಗ ಜಿಪ್ಪು ಒತ್ತಿ ಹಾಡು ಕೆಡಲು ಶುರುವಾಯಿತು. ಕೊನೆಗೆ ಜಿಪ್ಪನ್ನು ಅರ್ಧಕ್ಕೆ ಇಳಿಸಿ ಪ್ಯಾಕ್ ಮಾಡಿದರು. ಒತ್ತಿದರೂ ನಡುವಿನ ಚೀಟಿಯ ಮೇಲೆ ಒತ್ತಲಿ, ಹಾಡಿನ ಮೇಲೆ ಬೇಡ ಅಂತ. ಸರಕು ಸಾಗಿಸಿ ಗೊತ್ತಿರುವ ವ್ಯಾಪಾರಿಗಳಿಗೆ ಈ ಬುದ್ಧಿ ಮೆಚ್ಚಿಗೆಯಾದೀತು.

ಮನೆಯಲ್ಲೇ ಕೂತು ಹರಳು ಬಡಿಯುವ ಕೈಯಂತ್ರವೂ ಬಂತು. ರಾನ್ಕೊ ಅನ್ನೋ ಕಂಪನಿ ಟೀವಿ ಜಾಹೀರಾತಿನಲ್ಲಿ ಅದನ್ನು ಮಾರಿತು. ಸೂಜಿ ದಾರ ಬೇಡ, ಒತ್ತಿದರೆ ಹರಳು ಕೂತಿತು. ಕೈಯಲ್ಲಿ ಆರು ತಿಂಗಳು ಹೊಲಿದ ಸೂರ್ಯನಿಗೂ, ಅರ್ಧ ಗಂಟೆಯಲ್ಲಿ ಒತ್ತಿದ ಸೂರ್ಯನಿಗೂ ಬೆಲೆ ಒಂದೇ ಆಯಿತು. ಹಿಪ್ಪಿಗಳ ಹುಚ್ಚು ತಣ್ಣಗಾದದ್ದು ಪೊಲೀಸರಿಂದ ಅಲ್ಲ, ಈ ಯಂತ್ರದಿಂದ ಅನ್ನೋದು ನನ್ನ ಅನಿಸಿಕೆ.

ಆದರೂ ಕೈಕೆಲಸ ಬೇರೆ ಓಣಿಯಲ್ಲಿ ತಲೆ ಎತ್ತಿತು. 1980ರ ದಶಕದಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಜಮೈಕಾ ಪೇಟೆಯಲ್ಲಿ ‘ಶರ್ಟ್ ಕಿಂಗ್ಸ್’ ಅಂತ ಮೂವರು ಕರಿಯ ಹುಡುಗರು ಅಂಗಡಿ ಇಟ್ಟರು. ರೈಲು ಡಬ್ಬಿಗಳ ಮೇಲೆ ಬರೆದು ಕೈ ಪಳಗಿದವರು. ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಪೆನ್ನಿನಿಂದ ಅಂಗಿ, ಡೆನಿಮ್ ಜಾಕೆಟ್ಟುಗಳ ಮೇಲೆ ಗಿರಾಕಿಯ ಹೆಸರು, ಕಾರ್ಟೂನಿನ ಗೊಂಬೆಗೆ ಬಂಗಾರದ ಸರ ಹಾಕಿದ ಚಿತ್ರ, ಗೋಡೆಬರಹದ ದಪ್ಪಕ್ಷರ. ರ‍್ಯಾಪ್ ಹಾಡುವವರೆಲ್ಲ ಅಲ್ಲಿಗೆ ಬಂದು ಬರೆಸಿಕೊಂಡರು. ಇಂಗ್ಲೆಂಡ್, ಜರ್ಮನಿ ಕಡೆಯ ಹೆವಿ ಮೆಟಲ್ ಹಾಡಿನ ಹುಡುಗರು ತೋಳು ಕತ್ತರಿಸಿದ ಡೆನಿಮ್ ಜಾಕೆಟ್ಟಿಗೆ ತಮ್ಮ ಮೆಚ್ಚಿನ ತಂಡಗಳ ತೇಪೆಯನ್ನು ಇಷ್ಟೂ ಜಾಗ ಬಿಡದೆ ಹೊಲಿದುಕೊಂಡರು. ಆ ಜಾಕೆಟ್ಟನ್ನು ತೊಳೆಯಬಾರದು ಅಂತ ಅವರಲ್ಲಿ ಒಂದು ನೇಮ ಬೇರೆ!

ಅದೇ ದಶಕದ ಕೊನೆಗೆ ಆಸಿಡ್ ವಾಷ್ ಬಂತು. ನನ್ನ ವಾರಗೆಯವರಿಗೆ ನೆನಪಿರಬೇಕು, ಮೋಡ ಕವಿದ ಹಾಗೆ ಬಿಳಿ ಮಚ್ಚೆ ಮಚ್ಚೆಯ ಪ್ಯಾಂಟು. ಹೆಸರಿಗೆ ಆಸಿಡ್, ಹಾಕೋದು ಬ್ಲೀಚು. ಜ್ವಾಲಾಮುಖಿಯಿಂದ ಬಂದ, ನೀರಲ್ಲಿ ತೇಲುವಷ್ಟು ಹಗುರದ ಕಲ್ಲುಗಳನ್ನು ಬ್ಲೀಚಿನಲ್ಲಿ ನೆನೆಸಿ ಪ್ಯಾಂಟಿನ ಜತೆ ಡ್ರಮ್ಮಿನಲ್ಲಿ ತಿರುಗಿಸೋದು. ಕಲ್ಲು ಎಲ್ಲಿ ತಾಕಿತೋ ಅಲ್ಲಿ ಬಿಳಿ. 1990ರ ದಶಕದಲ್ಲಿ ಲಾಸ್ ಏಂಜಲೀಸಿನ ‘ಜೆಂಕೊ’ ಕಂಪನಿ ಕಾಲಿನ ಅಗಲಕ್ಕೆ ಗಾಂಚಾಲಿ ತೋರಿಸಿತು: ಕೆಳಗಿನ ಸುತ್ತಳತೆ ಕೆಲವಕ್ಕೆ 50 ಅಂಗುಲ! ಎರಡು ಕಾಲಿಗೆ ಎರಡು ಲಂಗ ತೊಟ್ಟ ಹಾಗೆ. ಮಳೆಗಾಲದಲ್ಲಿ ಅದನ್ನು ತೊಟ್ಟು ನಮ್ಮ ಎರೆಭೂಮಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಅರ್ಧ ಹೊಲ ಮನೆಗೆ ಬಂದಿರ್ತದೆ. 2001ರ ಜನವರಿಯಲ್ಲಿ ಬ್ರಿಟ್ನಿ ಸ್ಪಿಯರ್ಸ್, ಜಸ್ಟಿನ್ ಟಿಂಬರ್‌ಲೇಕ್ ಜೋಡಿ ಒಂದು ಸಂಗೀತ ಪ್ರಶಸ್ತಿ ಸಮಾರಂಭಕ್ಕೆ ಅಡಿಯಿಂದ ಮುಡಿವರೆಗೆ ಡೆನಿಮ್ ತೊಟ್ಟು ಬಂತು. ಆಕೆಯದು ತೇಪೆ ಕೂಡಿಸಿದ ನೆಲ ಸವರುವ ಗೌನು, ಆತನಿಗೆ ಡೆನಿಮ್ ಟೊಪ್ಪಿಗೆಯೂ ಉಂಟು. ಜನ ನಕ್ಕದ್ದು ಇನ್ನೂ ನಿಂತಿಲ್ಲ.

ನಮ್ಮ ಕಡೆ ಈ ಗಾಳಿ ತಡವಾಗಿ ಬೀಸಿತು. 1970ರ ದಶಕದ ಬೆಲ್ ಬಾಟಮ್ ನಮ್ಮಲ್ಲಿ ಟೆರಿಕಾಟಿನದು, ಜೀನ್ಸಿನದಲ್ಲ. ‘ಶೋಲೆ’ 1975ರಲ್ಲಿ ಬಂದಾಗ ಅಮಿತಾಭ್ ಮೈಮೇಲಿನ ಡೆನಿಮ್ ನೋಡಿ ಆಸೆಪಟ್ಟವರಿಗೆ ಬಟ್ಟೆ ಎಲ್ಲಿ ಸಿಗಬೇಕು? ಅಹಮದಾಬಾದಿನ ಅರವಿಂದ್ ಮಿಲ್ಲಿನವರು 1980ರ ದಶಕದಲ್ಲಿ ಡೆನಿಮ್ ನೇಯಲು ಕೈಹಾಕಿದ ಮೇಲೆ ದಾರಿ ತೆರೆಯಿತು. ಅದೇ ಮಿಲ್ಲಿನವರು 1995ರಲ್ಲಿ ‘ರಫ್ ಅಂಡ್ ಟಫ್’ ಅಂತ ಒಂದು ಪೊಟ್ಟಣ ತಂದರು ನೋಡ್ರಿ, ಅದು ನಮ್ಮ ಸಣ್ಣ ಊರುಗಳ ಟೈಲರುಗಳಿಗೆ ಜೀನ್ಸಿನ ಬಾಗಿಲು ತೆರೆದ ಬೀಗದಕೈ. 195 ರೂಪಾಯಿ. ಹೊಲಿಯದ ಡೆನಿಮ್ ಬಟ್ಟೆ, ಜಿಪ್ಪು, ಗುಂಡಿ, ರಿವೆಟ್ಟು, ಹಿಂದೆ ಹಚ್ಚುವ ಚರ್ಮದಂಥ ಚೀಟಿ, ಎಲ್ಲ ಒಂದೇ ಪೊಟ್ಟಣದಲ್ಲಿ. ನಿಮ್ಮೂರ ಟೈಲರ್ ಹತ್ತಿರ ಹೊಲಿಸಿಕೊಳ್ಳಿ ಅಂತ ಅಕ್ಷಯ್ ಕುಮಾರ್ ಜಾಹೀರಾತು. ನಾನೂ ಒಂದು ತಂದಿದ್ದೆ. ನಮ್ಮೂರ ಟೈಲರಣ್ಣ ಮಾಮೂಲಿ ಸೂಜಿ ಮೂರು ಮುರಿದು, ನಾಲ್ಕನೆಯದಕ್ಕೆ ದಪ್ಪ ಸೂಜಿ ತರಿಸಿ, ರಿವೆಟ್ಟನ್ನು ಒಳಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದ. ಸಾಲದ್ದಕ್ಕೆ ಹಿಂದಿನ ಜೇಬಿನ ಮೇಲೆ ಬಿಲ್ಲಿನ ಬದಲು ತನಗೆ ಬರುವ ಒಂದೇ ಚಿತ್ತಾರ, ನವಿಲು, ಹಳದಿ ದಾರದಲ್ಲಿ ಹೊಲಿದು ಕೊಟ್ಟ. ಆರೇಳು ವರ್ಷ ತೊಟ್ಟೆ ಅದನ್ನು. ಅಂಥ ಜೀನ್ಸ್ ಅಮೆರಿಕದಲ್ಲೂ ಇನ್ನೊಂದಿರಲಿಕ್ಕಿಲ್ಲ.

ಬಳ್ಳಾರಿಯ ಹೊಲಿಗೆಗೆ ಇದಕ್ಕಿಂತ ಹಳೆ ಬೇರಿದೆ. ದಂಡಿನ ಊರಾದ್ದರಿಂದ ಬ್ರಿಟಿಷರ ಕಾಲದಲ್ಲಿ ಸಿಪಾಯಿಗಳ ಸಮವಸ್ತ್ರ ಹೊಲಿಯುತ್ತಿದ್ದ ದರ್ಜಿ ಮನೆತನಗಳ ಮಾತನ್ನು ಹಿರಿಯರು ಈಗಲೂ ಹೇಳ್ತಾರೆ. ಆ ಕೈಗಳೇ ಮುಂದೆ ರೆಡಿಮೇಡಿಗೆ, ರೆಡಿಮೇಡಿನಿಂದ ಜೀನ್ಸಿಗೆ ತಿರುಗಿದವು. ಬಳ್ಳಾರಿ ಜೀನ್ಸ್ ಅಂದರೆ ಈಗ ದೇಶದ ಎಲ್ಲ ಸಂತೆಯಲ್ಲೂ ಗೊತ್ತು.

ಈಗ ಅಲ್ಲಿ, ಇಲ್ಲಿ ಮಾಡುವ ಅಲಂಕಾರ ಯಾವುದು? ಸವೆಸುವುದು, ಹರಿಯುವುದು, ಮಾಸಿಸುವುದು. ತೊಟ್ಟವನು ಹತ್ತು ವರ್ಷದಲ್ಲಿ ಮಾಡುತ್ತಿದ್ದ ಕೆಲಸವನ್ನು ಕೂಲಿಯವನು ಹತ್ತು ನಿಮಿಷದಲ್ಲಿ ಮಾಡಬೇಕು. ಮಂಡಿಯ ಹತ್ತಿರ ಮರಳು ಕಾಗದದಿಂದ ಉಜ್ಜುವುದು, ಬ್ಲೇಡಿನಿಂದ ನೀಲಿ ಎಳೆ ಕತ್ತರಿಸಿ ಬಿಳಿ ಎಳೆ ಮಾತ್ರ ಉಳಿಸುವುದು, ಬ್ಲೀಚು ಚಿಮ್ಮಿಸುವುದು. ಟರ್ಕಿ ದೇಶದಲ್ಲಿ ಇದಕ್ಕೆ ಕೊಳವೆಯಿಂದ ಮರಳು ಚಿಮ್ಮಿಸುತ್ತಿದ್ದರು. ಮುಚ್ಚಿದ ಕೋಣೆ, ಮೂಗಿಗೆ ಒಂದು ಬಟ್ಟೆ. ಮರಳಿನ ನುಣ್ಣನೆ ದೂಳು ಪುಪ್ಪುಸಕ್ಕೆ ಇಳಿದು ಎಳೆಯ ವಯಸ್ಸಿನ ಹುಡುಗರಿಗೆ ಸಿಲಿಕೋಸಿಸ್ ಬಂತು. ಕಲ್ಲು ಕ್ವಾರಿಯಲ್ಲಿ ದುಡಿದ ನಮ್ಮವರಿಗೆ ಬರುವ ಅದೇ ಕಾಯಿಲೆ, ಮದ್ದಿಲ್ಲ. ಕ್ವಾರಿಯಲ್ಲಿ ಹತ್ತಾರು ವರ್ಷ ಹಿಡಿಯುವುದು ಅಲ್ಲಿ ಕೆಲವೇ ವರ್ಷಗಳಲ್ಲಿ ಕಾಣಿಸಿಕೊಂಡಿತು. ಸತ್ತವರೂ ಇದ್ದಾರೆ. ಗಲಾಟೆಯಾಗಿ 2009ರಲ್ಲಿ ಟರ್ಕಿ ಅದನ್ನು ನಿಷೇಧಿಸಿತು, 2010ರಲ್ಲಿ ಲಿವೈಸ್, ಎಚ್ ಅಂಡ್ ಎಂ ಕಂಪನಿಗಳು ತಾವು ಇನ್ನು ಇಂಥ ಪ್ಯಾಂಟು ಕೊಳ್ಳೋದಿಲ್ಲ ಅಂದವು.

ನಮ್ಮ ಹುಡುಗರು ಜಾಬ್‌ವರ್ಕ್ ಹಿಡಿಯುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು. ಪೀಸಿಗೆ ಎಷ್ಟು ಅನ್ನೋದರ ಜತೆಗೆ, ಬಣ್ಣ ಹೇಗೆ ತೆಗೀತೀರಿ, ಮೂಗಿಗೆ ಏನು ಕೊಡ್ತೀರಿ, ತೊಳೆದ ನೀರು ಯಾವ ಹಳ್ಳಕ್ಕೆ ಹೋಗ್ತದೆ? ವಾಷಿಂಗಿನ ನೀರು ನೆಲಕ್ಕೆ ಇಳಿದರೆ ಬೋರ್‌ವೆಲ್ಲಿನ ನೀರಿಗೂ ಅದೇ ಗತಿ. ಹರಿದ ಪ್ಯಾಂಟಿಗೆ ಪೇಟೆಯಲ್ಲಿ ಎರಡು ಸಾವಿರ ಕೊಡುವವನಿಗೆ ಇದು ತಿಳಿಯಬೇಕಾಗಿಲ್ಲ ಅಂತ ಅಂಗಡಿಯವನು ತಿಳಿದುಕೊಂಡಿದ್ದಾನೆ. ಹೊಲಿದು ಕೊಡುವ ನಮಗೆ ತಿಳಿಯದಿದ್ದರೆ ನಡೆಯೋದಿಲ್ಲ.

ಕಟಿಂಗಿನಲ್ಲಿ ಉಳಿಯುವ ಡೆನಿಮ್ ಚೂರುಗಳನ್ನು ಕಿಲೋ ಲೆಕ್ಕದಲ್ಲಿ ಮಾರ್ತಾರೆ. ಹೋದ ವರ್ಷ ನಮ್ಮ ಚಿಕ್ಕಮ್ಮ ಎರಡು ಚೀಲ ತರಿಸಿಕೊಂಡು ಮೊಮ್ಮಗನಿಗೆ ಕೌದಿ ಹೊಲಿದಳು. ತಿಳಿ ನೀಲಿ, ಕಡು ನೀಲಿ, ಆಸಿಡ್ ವಾಷಿನ ಮಚ್ಚೆ, ನಡು ನಡುವೆ ತನ್ನ ಹಳೆ ಇಲಕಲ್ ಸೀರೆಯ ಕೆಂಪು ಸೆರಗು. ಒಂದು ಮೂಲೆಗೆ ಬಿಳಿ ದಾರದಲ್ಲಿ ಹುಡುಗನ ಹೆಸರು, ಮೇಲೆ ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ. ಎರಡು ಕಡೆ ಜೇಬುಗಳನ್ನು ಬಿಚ್ಚದೆ ಹಾಗೇ ಬಿಟ್ಟಿದ್ದಾಳೆ. ಯಾಕಮ್ಮ ಅಂದರೆ, ‘ರಾತ್ರಿ ಶೇಂಗಾ ತಿನ್ನೋದಕ್ಕಪ್ಪ’ ಅಂದಳು. ತೂಕ ಮಾತ್ರ ವಿಪರೀತ, ನೆನೆದರೆ ಇಬ್ಬರು ಹಿಡಿದು ಹಿಂಡಬೇಕು.